ನಿವೇಶನ ಮಾರಲು ಸಿದ್ಧ ಜಾಲತಾಣವೇ ಸಾಕು

ನಾಶಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತ್ ಈರುಳ್ಳಿ, ದ್ರಾಕ್ಷಿಯ ಪೇಟೆ. ಇಂಥ ಊರಲ್ಲಿ ನಿವೇಶನ ಮಾರುವವರು ಲಕ್ಷಗಟ್ಟಲೆ ಸುರಿದು ಜಾಲತಾಣ ಕಟ್ಟಿಸಬೇಕಿಲ್ಲ, ಸಿದ್ಧ ಟೆಂಪ್ಲೇಟ್ ಸಾಕು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಕೊಳ್ಳುವವರು ಮೊದಲು ಹುಡುಕುವುದು ಪುರಾವೆಯನ್ನು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 11ನೇ ಕಲಂ ಪ್ರಕಾರ, ನೋಂದಾಯಿತ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ನಿಯಂತ್ರಣ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರಲೇಬೇಕು. ಮಹಾರಾಷ್ಟ್ರದ ಪ್ರಾಧಿಕಾರವಾದ ಮಹಾರೇರಾ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡನ್ನೂ ಕಡ್ಡಾಯಗೊಳಿಸಿದೆ. ಇವಿಷ್ಟನ್ನೂ ಯಾವ ಟೆಂಪ್ಲೇಟಿನಲ್ಲಾದರೂ ಹಾಕಬಹುದು. ಎಲ್ಲರ ತಾಣವೂ ಒಂದೇ ಥರ ಕಂಡರೆ ಗುರುತು ಉಳಿಯುವುದೆಲ್ಲಿ ಎಂದು ಕೇಳುವವರಿದ್ದಾರೆ. ಜಾಗದ ನಿಜವಾದ ಫೋಟೊ, ಮಂಜೂರಾದ ಲೇಔಟ್ ನಕ್ಷೆ, ಮರಾಠಿಯಲ್ಲಿ ಬರೆದ ಸ್ಪಷ್ಟ ವಿವರ ಇವೇ ಆ ಗುರುತನ್ನು ಕೊಡುತ್ತವೆ. ನೂರಾರು ಮನೆಗಳ ಪಟ್ಟಿಯನ್ನು ದಿನವೂ ಬದಲಿಸಬೇಕಾದ ದೊಡ್ಡ ಸಂಸ್ಥೆಗೆ ಪ್ರತ್ಯೇಕ ವಿನ್ಯಾಸ ಬೇಕು, ಒಪ್ಪುತ್ತೇನೆ. ಉಳಿದವರು ಆ ಹಣವನ್ನು ಮೊದಲು ದಾಖಲೆ ಸರಿಪಡಿಸಲು ಬಳಸಲಿ.