ಸಾಲಕ್ಕಿಂತ ಮೌನ ದುಬಾರಿ

ಬಡ್ಡಿ ಹರಾಮ್ ಎಂಬುದನ್ನು ನಾವು ಮದ್ರಸದ ದಿನಗಳಿಂದಲೇ ಕಲಿತವರು. ಆದರೂ ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಕ್ರೆಡಿಟ್ ಕಾರ್ಡ್ ಇದೆ. ಆಸ್ಪತ್ರೆ ಬಿಲ್ಲು, ಮದುವೆ, ಹೊಸ ಮೊಬೈಲ್, ಕಾರಣ ಏನೇ ಇರಲಿ, ಬಾಕಿ ಉಳಿದರೆ ಅದನ್ನು ಯಾರಿಗೂ ಹೇಳುವುದಿಲ್ಲ. ಸಾಲದ ನಾಚಿಕೆಯ ಜೊತೆಗೆ ಬಡ್ಡಿ ಕಟ್ಟುತ್ತಿದ್ದೇವೆ ಎಂಬ ನಾಚಿಕೆಯೂ ಸೇರಿಕೊಳ್ಳುತ್ತದೆ. ಹೀಗೆ ಮುಚ್ಚಿಟ್ಟ ಸಾಲವೇ ಬೇಗ ಬೆಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದು ಲೆಕ್ಕ ನೋಡಿ. ಬಾಕಿ 40,000 ರೂ., ಬಡ್ಡಿ ತಿಂಗಳಿಗೆ ಶೇ. 3.5 ಎಂದುಕೊಳ್ಳಿ. ಒಂದು ತಿಂಗಳ ಬಡ್ಡಿ 1,400 ರೂ. ಅದರ ಮೇಲೆ ಶೇ. 18 ಜಿಎಸ್‌ಟಿ 252 ರೂ. 'ಮಿನಿಮಮ್ ಡ್ಯೂ' ಎಂದು 2,000 ರೂ. ಕಟ್ಟಿದರೆ ಅಸಲು ಇಳಿಯುವುದು ಬರೀ 348 ರೂ. ಬಾಕಿ ಇರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ಹಾಗಾದರೆ ಯಾರನ್ನು ನಂಬಬೇಕು? ಮೊದಲು ಕಾರ್ಡ್ ಬಳಕೆ ನಿಲ್ಲಿಸಿ, ಬಾಕಿಯನ್ನು ಕಡಿಮೆ ದರದ ಕಂತುಗಳಾಗಿ ಮಾಡಿಕೊಡಿ ಎಂದು ಬ್ಯಾಂಕಿಗೇ ಲಿಖಿತವಾಗಿ ಕೇಳಬೇಕು. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬಂಧುಗಳ ಮುಂದೆ ಅವಮಾನಿಸುವಂತಿಲ್ಲ ಎಂದು 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಮುಂಗಡ ಹಣ ಕೇಳುವವನು, ಓಟಿಪಿ ಕೇಳುವವನು, 'ಸಿಬಿಲ್ ಸ್ಕೋರ್ ಒಂದೇ ವಾರದಲ್ಲಿ ಸರಿ ಮಾಡುತ್ತೇನೆ' ಎನ್ನುವವನು ಸಹಾಯಕನಲ್ಲ. ಒಂದು ಸಾಲ ತೀರಿಸಲು ಲೋನ್ ಆ್ಯಪ್‌ನಿಂದ ಇನ್ನೊಂದು ಸಾಲ ತೆಗೆಯುವುದು ಪರಿಹಾರವೂ ಅಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನಮ್ಮ ಜಮಾಅತ್‌ಗೂ ಇಲ್ಲಿ ಹೊಣೆ ಇದೆ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಸೇರಿದ್ದಾರೆ. ಕುರ್‌ಆನಿನ ಅತಿ ದೀರ್ಘ ಆಯತ್ ಇರುವುದೇ ಸಾಲವನ್ನು ಬರೆದಿಡುವ ಬಗ್ಗೆ. ಸಾಲಗಾರ ತಲೆತಗ್ಗಿಸಿ ಅಡಗಿಕೊಳ್ಳಲಿ ಎಂದು ದೀನ್ ಹೇಳಿಲ್ಲ. ಬಡ್ಡಿಯ ಪಾಪದ ಬಗ್ಗೆ ಖುತ್ಬಾದಲ್ಲಿ ಕೇಳುತ್ತೇವೆ. ಅದರಿಂದ ಹೊರಬರುವ ದಾರಿಯನ್ನೂ ಅಲ್ಲೇ ತಿಳಿಸಲಿ. ಬಡ್ಡಿಯಿಲ್ಲದ ಖರ್ಝೆ ಹಸನ್ ನಿಧಿ ಪ್ರತಿ ಮೊಹಲ್ಲಾದಲ್ಲೂ ಇರಲಿ.

ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ, ನಮ್ಮ ಹೆಸರಲ್ಲಿ ಕಾರ್ಡ್ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಬರುವ ಸ್ಟೇಟ್‌ಮೆಂಟ್ ಓದಿ ಅರ್ಥ ಹೇಳಬಲ್ಲವರು ಅನೇಕ ಮನೆಗಳಲ್ಲಿ ನಾವೇ. ಈ ತಿಂಗಳು ಅಬ್ಬನ ಜೊತೆಗೋ ಅಣ್ಣನ ಜೊತೆಗೋ ಕೂತು ಅದನ್ನು ಓದೋಣ. ತಪ್ಪು ಹುಡುಕಲು ಬೇಡ, ಲೆಕ್ಕ ಹಾಕಲು ಸಾಕು.