ಅವ್ವನ ಮಾತಿಗೆ ಒಂದು ಕಾಲಂ

ಆಫೀಸಿನ ವಿಡಿಯೊ ಕಾಲ್. ನ್ಯೂಜೆರ್ಸಿಯ ಸಹೋದ್ಯೋಗಿಯೊಬ್ಬ, ತನ್ನ ಅಜ್ಜಿ ಇಟಲಿಯವಳು, ಈಗ ಆಕೆಯ ಭಾಷೆ ಕಲಿಯೋಕೆ ಶುರು ಮಾಡಿದ್ದೀನಿ ಅಂದ. ನಮ್ಮ ಬೆಂಗಳೂರು ಟೀಮಿಗೆಲ್ಲ ಖುಷಿಯೋ ಖುಷಿ. ಅದೇ ಹುರುಪಿನಲ್ಲಿ ನಾನೂ ಹೇಳಿದೆ: ನಮ್ಮವ್ವ ಮಿರಜಿನವಳು, ಮನೆಮಾತು ಮರಾಠಿ, ನಾನೂ ಈಗ ಕಲೀತಿದ್ದೀನಿ. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬ ನಗುತ್ತಲೇ ಕೇಳಿದ: "ಹಂಗಾದ್ರೆ ಬೆಳಗಾವಿ ಯಾರದ್ದು ಅಂತೀರಾ?"

ಇಟಲಿಯ ಅಜ್ಜಿಯಾದರೆ ಪಾಸ್ತಾ ಬಗ್ಗೆ ಪ್ರಶ್ನೆ, ಮಿರಜಿನ ಅವ್ವನಾದರೆ ಗಡಿ ಬಗ್ಗೆ. (ಬೆಳಗಾವಿ ಕರ್ನಾಟಕದ್ದೇ. ಹೇಳಿದೆ. ಹೇಳಬೇಕಾಗಿ ಬಂತಲ್ಲ, ಅದೇ ಸಿಟ್ಟು.)

ನಮ್ಮೂರು ಬೀಳಗಿ ತಾಲೂಕಿನ ಅನಗವಾಡಿ, ಘಟಪ್ರಭೆಯ ದಂಡೆಯ ಊರು. ಆಚೆ ಜಮಖಂಡಿಯನ್ನು 1948ರವರೆಗೆ ಆಳಿದವರು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು. ಸಾಂಗ್ಲಿ, ಮಿರಜದಲ್ಲೂ ಪಟವರ್ಧನರೇ. 1956ರ ನವೆಂಬರ್ 1ಕ್ಕೆ ಮೊದಲು ನಾವೆಲ್ಲ ಮುಂಬಯಿ ರಾಜ್ಯದಲ್ಲಿದ್ದವರು. ಗಡಿ ಬಂದ ಮೇಲೂ ಹೆಣ್ಣು ಕೊಡೋದು, ತರೋದು ನಿಲ್ಲಲಿಲ್ಲ. ಜಾತಿ ಒಂದೇ ಇದ್ದರೆ ಸಾಕು, ಮಾತು ಬೇರೆಯಾದರೂ ನಡೀತಿತ್ತು. ಹಂಗೆ ಬಂದವಳು ಅವ್ವ.

ಬಂದ ವಾರದಲ್ಲೇ ಅಜ್ಜಿ ಹೇಳಿದ್ದಳಂತೆ: "ಮನ್ಯಾಗ ಕನ್ನಡನ ಮಾತಾಡವಾ. ಮುಂದ ಹುಡುಗ್ರು ಹುಟ್ಟಿದ್ರ ನಾಲಿಗಿ ತೊಡಕಾಕ್ಕೈತಿ." ಅವ್ವ ಆರು ತಿಂಗಳಲ್ಲಿ ಕಲಿತಳು. ತ್ರಾಸ, ಬಾಜೂ ಅನ್ನೋವಂಥ ಮಾತು ನಮ್ಮ ಕನ್ನಡದಲ್ಲಿ ಮೊದಲೇ ಇದ್ದುವಲ್ಲ, ಅವನ್ನು ಹಿಡಕೊಂಡು ದಾಟಿದಳು. ನಮಗೆ ಒಂದು ಜೋಗುಳವನ್ನೂ ಮರಾಠಿಯಲ್ಲಿ ಹಾಡಲಿಲ್ಲ. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಮಿರಜಿನಲ್ಲಿ ಆಯಿ ಅಂದರೆ ತಾಯಿ. ನಾವು ದಿನಾ "ಆಯಿ, ಆಯಿ" ಅಂತ ಅಜ್ಜಿಯ ಹಿಂದೆ ಓಡುವಾಗ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳಿಗೆ ಏನನ್ನಿಸುತ್ತಿತ್ತೋ. ನಾನು ಕೇಳಿಲ್ಲ. ಕೇಳೋ ಧೈರ್ಯ ಇನ್ನೂ ಬಂದಿಲ್ಲ.

ನಮ್ಮ ಜನಗಣತಿಯ ಪ್ರಕಾರ ಮಾತೃಭಾಷೆ ಅಂದರೆ ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ಬರೆಯಬೇಕಾದದ್ದು ಒಂದನ್ನೇ. ಬೇರೆ ಗೊತ್ತಿರುವ ಭಾಷೆ ಅಂತ ಇನ್ನೆರಡು ಸೇರಿಸಬಹುದು. ಆ ಲೆಕ್ಕದಲ್ಲಿ ನನ್ನ ಮಾತೃಭಾಷೆ ಕನ್ನಡ, ತಪ್ಪೇನಿಲ್ಲ. ಆದರೆ ತಾಯಿಯ ಬಾಯಿ ಕಟ್ಟಿಸಿ, ಆಮೇಲೆ ತಾಯಿ ಏನು ಆಡಿದಳು ಅಂತ ಕೇಳಿದರೆ ಇನ್ನೇನು ಉತ್ತರ ಬರುತ್ತೆ ಸ್ವಾಮಿ?

ಇದನ್ನು ಹೇಳಿದರೆ ಗೆಳೆಯರು, "ಕನ್ನಡಕ್ಕೇ ಕಷ್ಟ ಇರುವಾಗ ಇದೆಲ್ಲ ಬೇಕಾ?" ಅಂತಾರೆ. ಬೆಂಗಳೂರಲ್ಲಿ ಹತ್ತು ವರ್ಷ ಇದ್ದು "ಕನ್ನಡ್ ಗೊತ್ತಿಲ್ಲ" ಅನ್ನುವವರ ಮೇಲೆ ನನಗೂ ಸಿಟ್ಟಿದೆ. ಆ ಸಿಟ್ಟನ್ನು ಆರು ತಿಂಗಳಲ್ಲಿ ಕನ್ನಡ ಕಲಿತು ನಲವತ್ತು ವರ್ಷ ಅದರಲ್ಲೇ ಬಾಳಿದವಳ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ? ಬೇಂದ್ರೆಯವರ ಮನೆಮಾತು ಮರಾಠಿ. ಅವರು ಮರಾಠಿಯಲ್ಲೂ ಬರೆದರು; ಜ್ಞಾನಪೀಠ ಬಂದದ್ದು ಕನ್ನಡದ 'ನಾಕುತಂತಿ'ಗೆ. ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರು ಅಭಂಗವನ್ನೂ ಹಾಡಿದರು, ದಾಸರ ಪದವನ್ನೂ ಹಾಡಿದರು. ಸ್ಟೇಟಸ್ಸಿಗೆ ಇವರ ಫೋಟೊ ಹಾಕುವ ಕೈಯೇ ನನ್ನ ಅವ್ವನ ಲೆಕ್ಕ ಕೇಳುತ್ತೆ.

ಆಚೆ ಕಡೆಯವರೇನೂ ಸಾಚಾ ಅಲ್ಲ. ಮಿರಜಿನ ಮಾಮಾನ ಮನೆಯಲ್ಲಿ ನಾವು ಹುಟ್ಟಾ 'ಕಾನಡಿ'ಗಳು. ಊಟಕ್ಕೆ ಕೂತಾಗ ಜೋಕು ಮಾಡಲು ಒಳ್ಳೆ ಸಾಮಾನು. ಅವರು ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನನ್ನು ಜ್ಞಾನೇಶ್ವರರೇ ಅಭಂಗದಲ್ಲಿ ಕರ್ನಾಟಕದವನು ಅಂದಿದ್ದಾರೆ ಅಂತ ನೆನಪಿಸಿದರೆ ಮಾತ್ರ ಮಾಮಾ ಮಾತು ಬದಲಿಸುತ್ತಾನೆ. ಗಡಿ ಗಲಾಟೆ ಎದ್ದಾಗ ಎರಡೂ ಕಡೆ ಬಸ್ಸಿಗೆ ಮಸಿ ಬೀಳುತ್ತೆ. ಆ ಬಸ್ಸಿನೊಳಗೆ ತವರಿಗೆ ಹೊರಟವರು ಯಾರು ಅಂತ ಮಸಿ ಡಬ್ಬಿ ಹಿಡಿದವರು ಯಾವತ್ತಾದರೂ ಇಣುಕಿ ನೋಡಿದ್ದಾರಾ? ಒಂದು ಸಲ ಅಜ್ಜ ತೀರಿಕೊಂಡ ಸುದ್ದಿ ಬಂದಾಗ ಬಸ್ಸು ಬಂದಾಗಿ, ಅವ್ವ ಮಣ್ಣಿಗೂ ಹೋಗಲಾಗಲಿಲ್ಲ.

ಅದಕ್ಕೇ ನಾನು ಕಲೀತಿದ್ದೀನಿ, ಮೂವತ್ತು ದಾಟಿದ ಮೇಲೆ. ಯಾರ ಪರ್ಮಿಶನ್ನೂ ಕೇಳಲ್ಲ, ನನ್ನ ಕನ್ನಡದಿಂದ ಒಂದಕ್ಷರ ಕಳೆಯೋದೂ ಇಲ್ಲ.

ಮೊದಲ ಸಲ ಫೋನಿನಲ್ಲಿ ಮರಾಠಿ ಆಡಿದಾಗ ಅವ್ವ, "ಯಾಕ, ಕನ್ನಡ ಮರ್ತೇನ?" ಅಂದು ಫೋನ್ ಅಪ್ಪನ ಕೈಗೆ ಕೊಟ್ಟಳು. ಎರಡನೇ ವಾರವೂ ಅಷ್ಟೇ. ಹೋದ ರವಿವಾರ ನಾನು ಹಟ ಬಿಡದೆ, "ಆಯಿ, ಚಹಾ ಝಾಲೀ ಕಾ?" ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಕಡೆಗೆ, ದನಿ ತಗ್ಗಿಸಿ, ಬಾಜೂ ಮನೆಯವರಿಗೆ ಕೇಳಬಾರದು ಅನ್ನುವ ಹಾಗೆ ಹೇಳಿದಳು:

"ಝಾಲೀ ಅಲ್ಲವಾ, ಝಾಲಾ. ಮರಾಠಿಯೊಳಗ ಚಹಾ ಗಂಡಸು."