ತಳ ಹೇಳುವ ವಯಸ್ಸು

ಬೇವೂರಿನಂಥ ಊರಿನ ಹಳೆಯ ಮನೆಯ ಅಟ್ಟದಲ್ಲಿ ಬಣ್ಣದ ಗಾಜಿನ ಹೂದಾನಿ ಸಿಕ್ಕರೆ, ಗುಜರಿಗೆ ಹಾಕುವ ಮೊದಲು ಅದನ್ನು ಮಗುಚಿ ನೋಡಬೇಕು. ಬಣ್ಣವನ್ನು ನಂಬುವಂತಿಲ್ಲ, ಸುಳಿವು ಇರುವುದು ತಳದಲ್ಲಿ.

ಕೊಳವೆಯಲ್ಲಿ ಊದಿ ಮಾಡಿದ ಹೂದಾನಿಯ ತಳದ ನಡುವೆ, ಸಲಾಕೆಯಿಂದ ಬಿಡಿಸಿದ ಒರಟು ಗುರುತು ಉಳಿಯುವುದುಂಟು. ಊದುವ ಕಸುಬು ಇಂದಿಗೂ ಇರುವುದರಿಂದ ಇದೊಂದೇ ಹಳಮೆಗೆ ಸಾಕ್ಷಿಯಲ್ಲ.

ದೇಶದ ಹೆಸರಿದ್ದರೆ ಲೆಕ್ಕ ಸುಲಭ. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ, ಮನೆಯವರು ನೂರೈವತ್ತು ವರ್ಷದ್ದೆಂದರೂ ಅದು 1918ಕ್ಕಿಂತ ಹಿಂದಿನದಾಗದು. ಆ ದೇಶ ಹುಟ್ಟಿದ್ದೇ ಆ ವರ್ಷ. 1992ರ ಕೊನೆಗೆ ಇಬ್ಭಾಗವಾಯಿತು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ ಈಚಿನದು.

ಇತಿಹಾಸದ ಇಸವಿಗಳು ಪರೀಕ್ಷೆಗೆ ಮಾತ್ರವಲ್ಲ. ತಂದೆ ತಾಯಂದಿರು ಮಕ್ಕಳ ಕೈಗೊಂದು ಭೂತಗನ್ನಡಿ ಕೊಟ್ಟು ನೋಡಲಿ.